ಅಳಿಯನ ಕೀಬೋರ್ಡಿನಲ್ಲಿ ಒಂದು ದಿನ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಬರುವ ಕೆಲಸದಲ್ಲಿ ಹೆಚ್ಚಿನದು ಆಲಮಟ್ಟಿ ಹಿನ್ನೀರಿಗೆ ಜಮೀನು ಕೊಟ್ಟವರ ಅರ್ಜಿಗಳದು. 500 ರೂಪಾಯಿಯ ಕೀಬೋರ್ಡ್ ನನ್ನ ಕೈಯಲ್ಲಿ ಒಂದು ವರ್ಷ ಬಾಳಿದರೆ ಹೆಚ್ಚು. ಮೊದಲು ಕೈಕೊಡುವುದು ಎಡಗಡೆಯ ಶಿಫ್ಟ್, ಆಮೇಲೆ ಎಫ್. ಕನ್ನಡ ಟೈಪಿಂಗಿನ ‘ನುಡಿ’ ಕೀಲಿ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೆ ಶಿಫ್ಟ್ ಬೇಕು, ಒತ್ತಕ್ಷರಗಳಿಗೆ ಎಫ್ ಬೇಕು. ‘ಸಂತ್ರಸ್ತ’ ಎಂಬ ಒಂದೇ ಪದದಲ್ಲಿ ಎಫ್ ಎರಡು ಸಲ ಬರುತ್ತದೆ, ಆ ಪದವಿಲ್ಲದ ಅರ್ಜಿಯೇ ನಮ್ಮಲ್ಲಿಲ್ಲ.

ಮಣಿಕಟ್ಟಿನ ನೋವಿನಿಂದ ನಾನು ಒದ್ದಾಡುವುದನ್ನು ಕಂಡ ಅಕ್ಕನ ಮಗ, ಬೆಂಗಳೂರಿನಿಂದ ಬಂದಾಗ, “ಮಾಮಾ, ಇವತ್ತೊಂದಿನ ಇದರ ಮ್ಯಾಲ ಬಡದ ನೋಡ್ರಿ” ಎಂದು ತನ್ನ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡನ್ನು ಮೇಜಿನ ಮೇಲಿಟ್ಟ. ಜಪಾನಿನ ಪಿಎಫ್‌ಯು ಕಂಪನಿ 1996ರಲ್ಲಿ ಮೊದಲು ಹೊರತಂದ ಈ ಮಾದರಿಯಲ್ಲಿ ಇರುವುದು ಬರೀ 60 ಕೀಲಿ. ಸುಂಕ ಸೇರಿ ಅವನಿಗೆ 30,000 ರೂಪಾಯಿಯ ಹತ್ತಿರ ಬಿದ್ದಿತ್ತು.

ಮಧ್ಯಾಹ್ನದವರೆಗೆ ಆ ಬೆಲೆಯ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಪ್ರತಿ ಕೀಲಿಯ ಕೆಳಗೆ ರಬ್ಬರಿನ ಗುಮ್ಮಟ, ಅದರೊಳಗೆ ಶಂಕುವಿನಾಕಾರದ ಸಣ್ಣ ಸ್ಪ್ರಿಂಗ್. ಲೋಹಕ್ಕೆ ಲೋಹ ತಾಗದೆ, ಸ್ಪ್ರಿಂಗ್ ಅದುಮಿದಾಗ ಬದಲಾಗುವ ವಿದ್ಯುತ್ ಧಾರಕತೆಯಿಂದಲೇ (ವಿದ್ಯುತ್ತನ್ನು ಹಿಡಿದಿಡುವ ಗುಣ), ಕೀಲಿ ತಳ ಮುಟ್ಟುವ ಮೊದಲೇ ಅಕ್ಷರ ದಾಖಲಾಗುವುದರಿಂದ, ತಳದವರೆಗೆ ಗುದ್ದುವ ನನ್ನ ಇಪ್ಪತ್ತು ವರ್ಷದ ಚಾಳಿ ಎರಡೇ ಗಂಟೆಯಲ್ಲಿ ಸಡಿಲಾಯಿತು. ಅಳಿಸುವ ಕೀಲಿ ಎಂಟರ್‌ನ ನೇರ ಮೇಲೆಯೇ ಇದೆ. ಯೂನಿಕೋಡಿನಲ್ಲಿ ಒಂದು ಒತ್ತಕ್ಷರ ಕೆಟ್ಟರೆ ಆ ಕೀಲಿಯನ್ನು ಮೂರು ನಾಲ್ಕು ಸಲ ಒತ್ತಬೇಕಾಗುವ ನಮ್ಮಂಥವರಿಗೆ, ಕಿರುಬೆರಳು ಅಷ್ಟು ದೂರ ಚಾಚದಿರುವುದೇ ದೊಡ್ಡ ಉಪಕಾರ. ಊಟದ ಹೊತ್ತಿಗೆ ಹನ್ನೊಂದು ಅರ್ಜಿ ಮುಗಿದಿದ್ದವು, ಮಣಿಕಟ್ಟು ನೆನಪಾಗಿರಲಿಲ್ಲ.

ನಾಲ್ಕು ಗಂಟೆಗೆ ಹಿರಿಯ ರೈತರೊಬ್ಬರು ಸರ್ವೆ ನಂಬರು, ಎಕರೆ, ಗುಂಟೆಗಳ ಪಟ್ಟಿ ಹಿಡಿದು ಬಂದರು. ನಂಬರ್ ಪ್ಯಾಡ್ ಇಲ್ಲ; ಬಾಣದ ಕೀಲಿಗಳಿಲ್ಲ, ಕೋಷ್ಟಕದಲ್ಲಿ ಒಂದು ಮನೆ ಕೆಳಗಿಳಿಯಲು ಎಫ್‌ಎನ್ ಎಂಬ ಕೀಲಿ ಹಿಡಿದು ಇನ್ನೊಂದು ಕೀಲಿ ಒತ್ತಬೇಕು. ಎರಡು ಕಡೆ ಗುಂಟೆಯ ಅಂಕಿ ತಪ್ಪಾಗಿ ಹೊಡೆದೆ. ಪರಿಹಾರದ ಅರ್ಜಿಯಲ್ಲಿ ಒಂದು ಗುಂಟೆ ತಪ್ಪಾದರೆ ಆ ಮನುಷ್ಯ ಮತ್ತೆ ತಿಂಗಳುಗಟ್ಟಲೆ ಅಲೆಯಬೇಕು. ಅವರ ಬಸ್ಸಿನ ಹೊತ್ತೂ ಮೀರುತ್ತಿತ್ತು. ಹಳೆಯ ಕೀಬೋರ್ಡನ್ನೇ ಮತ್ತೆ ಜೋಡಿಸಿ, ಪ್ರತಿ ಸಾಲನ್ನೂ ಅವರಿಗೆ ಓದಿ ಹೇಳಿ ಪಟ್ಟಿ ಮುಗಿಸಿದೆ.

ಹಾಗಾಗಿ ನನ್ನ ಮಟ್ಟಿಗೆ ಕೀಲಿಗಳ ಕೆಳಗಿನ ಆ ಸ್ವಿಚ್ಚುಗಳಿಗೆ ಕೊಡುವ ಹಣ ನ್ಯಾಯವಾದದ್ದು, ಚಿಕ್ಕದಾಗಿರುವುದಕ್ಕೆ ಕೊಡುವುದು ಅಲ್ಲ. ಬರೀ ಬರಹದ ಕೆಲಸ ಮಾಡುವವರ ಲೆಕ್ಕ ಬೇರೆ ಇರಬಹುದು. ಆ ಸ್ವಿಚ್ಚುಗಳನ್ನು ತಯಾರಿಸುವ ಟೋಪ್ರೆ ಕಂಪನಿಯೇ ರಿಯಲ್‌ಫೋರ್ಸ್ ಎಂಬ ಹೆಸರಿನಲ್ಲಿ ನಂಬರ್ ಪ್ಯಾಡ್ ಇರುವ ಪೂರ್ಣ ಗಾತ್ರದ ಕೀಬೋರ್ಡನ್ನೂ ಮಾಡುತ್ತದೆ ಎಂದು ರಾತ್ರಿ ಅಳಿಯ ತೋರಿಸಿದ. ಈ ತಿಂಗಳಿಂದ ಅದಕ್ಕಾಗಿ ದಿನಕ್ಕೆ ನೂರು ರೂಪಾಯಿ ತೆಗೆದಿಡುತ್ತಿದ್ದೇನೆ.