ಬಣ್ಣ ಓಡಬಹುದು

ಸೀರೆಯ ಸೆರಗಿಗೆ ಪಿನ್ ಚುಚ್ಚಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಮೊದಲ ತೊಳೆತದಲ್ಲಿ ಬಣ್ಣ ಓಡಬಹುದು.’ ಅಜ್ಜಿ ಎರಡು ಸಲ ಓದಿ, “ಬಣ್ಣ ಓಡೋದು ಅಂದ್ರೆ ಏನಪ್ಪಾ?” ಅಂದರು. ಅಂಗಡಿ ಹುಡುಗ ಸೀರೆ ಮಡಚುತ್ತಲೇ, “ಬಣ್ಣ ಬಿಡುತ್ತೆ ಅಜ್ಜಿ, ಮೊದಲ ಸಲ ಬೇರೆ ನೆನೆಹಾಕಿ” ಅಂದ.

ಈ ವಾರವಿಡೀ ಆ ಎರಡು ಮಾತು ಕಿವಿಯಲ್ಲೇ ಇವೆ. ಚೀಟಿ ಬರೆದವರಿಗೆ ಸಿಗದ ಪದ ಹುಡುಗನ ನಾಲಿಗೆಯ ಮೇಲೇ ಇತ್ತು. ಬರೆದವರು ಬಟ್ಟೆ ನೋಡಲಿಲ್ಲ, ಇಂಗ್ಲಿಷಿನ ‘ರನ್’ ಎಂಬ ಪದವನ್ನಷ್ಟೇ ನೋಡಿ ‘ಓಡು’ ಎಂದು ಅನುವಾದಿಸಿದರು.

ಆ ಪದವೂ ಸಾಮಾನ್ಯದ್ದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಈ ಒಂದೇ ಕ್ರಿಯಾಪದಕ್ಕೆ ಸುಮಾರು ಒಂಬತ್ತು ತಿಂಗಳು ಕೂತು 645 ಅರ್ಥಗಳನ್ನು ಬಿಡಿಸಿಟ್ಟರು. 1989ರ ಆವೃತ್ತಿಯಲ್ಲಿ ಮುಂದಿದ್ದ ‘ಸೆಟ್’ ಪದಕ್ಕಿದ್ದದ್ದು 430.

ಅನುವಾದಿಸಲು ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೊದಲು ಕರ್ತೃವನ್ನು ನೋಡಬೇಕು. ಮೂಗಾದರೆ ಸೋರುತ್ತದೆ, ನದಿಯಾದರೆ ಹರಿಯುತ್ತದೆ. ಆಮೇಲೆ ಕರ್ಮ: ಹೋಟೆಲನ್ನು ನಡೆಸುತ್ತಾರೆ, ಗಾಡಿಯನ್ನು ಓಡಿಸುತ್ತಾರೆ, ನಲ್ಲಿಯನ್ನು ಎರಡು ನಿಮಿಷ ಬಿಡುತ್ತಾರೆ. ಕೊನೆಗೆ ಬಾಲಕ್ಕೆ ಅಂಟಿದ ಪುಟ್ಟ ಪದ. ‘ಓವರ್’ ಸೇರಿ, ಕರ್ತೃ ಹಾಲಾದರೆ ಉಕ್ಕುತ್ತದೆ. ಲಾರಿಯಾದರೆ ಮೈಮೇಲೆ ಹರಿಯುತ್ತದೆ. ‘ಇನ್‌ಟು’ ಸೇರಿ, ಎದುರಿಗಿರುವುದು ಗೆಳೆಯನಾದರೆ ಅಚಾನಕ್ಕಾಗಿ ಸಿಗುತ್ತಾನೆ; ಕಂಬವಾದರೆ ಗುದ್ದಿದ್ದೇ.

ಹೆಚ್ಚು ಎಡವುವುದು ಪದದಲ್ಲಲ್ಲ, ವಾಕ್ಯದ ಕಟ್ಟಿನಲ್ಲಿ. ‘ವಿ ಹ್ಯಾವ್ ರನ್ ಔಟ್ ಆಫ್ ರೈಸ್’ ಅಂದಾಗ ಇಂಗ್ಲಿಷಿನಲ್ಲಿ ಕರ್ತೃ ‘ನಾವು’. ಕನ್ನಡದಲ್ಲಿ ಅಕ್ಕಿಯೇ ಕರ್ತೃ: ‘ಅಕ್ಕಿ ಮುಗಿದಿದೆ’. ‘ನಾವು’ ಪೂರ್ತಿ ಬಿದ್ದುಹೋಗುತ್ತದೆ. ‘ಶಿ ಈಸ್ ರನ್ನಿಂಗ್ ಎ ಫೀವರ್’ ಅಂದರೆ ಅವಳಿಗೆ ಜ್ವರ ಬಂದಿದೆ. ಅವಳು ಏನನ್ನೂ ಮಾಡುತ್ತಿಲ್ಲ. ‘ನಾವು’, ‘ಅವಳು’ ಕೈಬಿಡಲು ಹೆದರುವವರ ಅನುವಾದವೇ ಕೃತಕವಾಗುವುದು. ಚುನಾವಣೆಯದು ಇನ್ನೂ ಚಂದ. ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನವನು ನಮ್ಮವರ ಹಾಗೆ ನಿಲ್ಲುತ್ತಾನೆ.

ಹಾಗೆಂದು ‘ಓಡು’ ಕಂಡಲ್ಲೆಲ್ಲ ಅಳಿಸುವುದೂ ತಪ್ಪು. ಸಿನಿಮಾ ನೂರು ದಿನ ಓಡುತ್ತದೆ, ಮಧ್ಯಾಹ್ನ ಊಟವಾದ ಮೇಲೆ ತಲೆ ಓಡುವುದಿಲ್ಲ. ಇವು ನಮ್ಮ ಬಾಯಲ್ಲಿ ಪಳಗಿದ ಮಾತುಗಳು.

ಮತ್ತೆ ಮತ್ತೆ ಹುಡುಗನ ‘ಬಿಡುತ್ತೆ’ಗೇ ಮನಸ್ಸು ಹೋಗುತ್ತದೆ. ‘ರನ್’ ದೊಡ್ಡದೆಂದು ಬೆರಗಾಗುವ ನಾವು ‘ಬಿಡು’ ಎಷ್ಟು ದೊಡ್ಡದೆಂದು ನೋಡಿಯೇ ಇಲ್ಲ. ಗಿಡ ಹೂ ಬಿಡುತ್ತದೆ, ಶಾಲೆ ನಾಲ್ಕಕ್ಕೆ ಬಿಡುತ್ತದೆ, ಜ್ವರ ಬಿಡುತ್ತದೆ, ಮಳೆ ಬಿಡುತ್ತದೆ. ಗಡ್ಡ ಬಿಟ್ಟರೆ ಬೆಳೆಯುತ್ತದೆ, ಸಿಗರೇಟು ಬಿಟ್ಟರೆ ನಿಲ್ಲುತ್ತದೆ. ಅಣೆಕಟ್ಟಿನಿಂದ ನೀರು ಬಿಡುವುದಕ್ಕೂ ಸುಳ್ಳು ಹೇಳುವವನು ರೈಲು ಬಿಡುವುದಕ್ಕೂ ಇದೊಂದೇ ಪದ. ಕನ್ನಡ ಕಲಿಯುವ ಹೊರಗಿನವರಿಗೆ ಇದನ್ನು ಪಟ್ಟಿ ಮಾಡಿ ಕೊಡುವ ಕೆಲಸ ಯಾರಾದರೂ ಒಂಬತ್ತು ತಿಂಗಳು ಕೂತು ಮಾಡಬೇಕು.

ಚೀಟಿಗೆ ಬೇಕಿದ್ದದ್ದು ಇಷ್ಟು: ‘ಬಣ್ಣ ಬಿಡುತ್ತದೆ. ಮೊದಲ ಎರಡು ಸಲ ತಣ್ಣೀರಿನಲ್ಲಿ, ಬೇರೆ ಬಟ್ಟೆಯೊಂದಿಗೆ ಸೇರಿಸದೆ ಒಗೆಯಿರಿ.’