ಮಾರ್ಚ್ ತಿಂಗಳ ಲೆಕ್ಕ, ಏಪ್ರಿಲ್ ತಿಂಗಳ ಆಸೆ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್, ಅಂದ್ರೆ ಸೂಪರ್ ಬೌಲ್, ಮುಗಿದ ಮಾರನೇ ದಿನ ಎಲ್ರೂ ಇನ್ನು ಸೆಪ್ಟೆಂಬರ್ ತನಕ ಏನಪ್ಪಾ ಮಾಡೋದು ಅಂತ ಮುಖ ಜೋಲು ಹಾಕ್ಕೊಂಡು ಕೂತಿರ್ತಾರೆ, ನನಗೆ ಮಾತ್ರ ಅವತ್ತೇ ಹಬ್ಬ ಶುರು. ನಿಜ ಹೇಳ್ಬೇಕು ಅಂದ್ರೆ ಎನ್‌ಎಫ್‌ಎಲ್‌ನಲ್ಲಿ ನನಗೆ ಆಟಕ್ಕಿಂತ ಆಫ್‌ಸೀಸನ್ನೇ, ಅಂದ್ರೆ ಮ್ಯಾಚ್ ಇಲ್ಲದ ತಿಂಗಳುಗಳೇ, ಒಂದು ಕೈ ಜಾಸ್ತಿ ಇಷ್ಟ. ಎಕ್ಸೆಲ್ ಶೀಟ್ ಓಪನ್ ಮಾಡಿ ನನ್ನ ಟೀಮು ಫಿಲಡೆಲ್ಫಿಯಾ ಈಗಲ್ಸ್‌ನ ಒಬ್ಬೊಬ್ಬ ಆಟಗಾರನ ಹೆಸರು, ವಯಸ್ಸು, ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತೆ, ಸ್ಯಾಲರಿ ಕ್ಯಾಪ್‌ನಲ್ಲಿ (ಟೀಮಿನ ಒಟ್ಟು ಸಂಬಳದ ಮಿತಿ) ಎಷ್ಟು ತಿಂತಾನೆ ಅಂತೆಲ್ಲ ತುಂಬಿಸಿ, ಕೊನೇ ಕಾಲಮ್‌ನಲ್ಲಿ ಕೆಂಪು ಬಣ್ಣದಲ್ಲಿ ಒಂದು ಪ್ರಶ್ನೆ ಹಾಕ್ತೀನಿ: ಎರಡು ವರ್ಷ ಆದ್ಮೇಲೆ ಇವನು ಇರ್ತಾನಾ? ನನ್ನ ಪ್ರಕಾರ ಡ್ರಾಫ್ಟ್ (ಏಪ್ರಿಲ್‌ನಲ್ಲಿ ಟೀಮುಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನ ಆರಿಸ್ಕೊಳ್ಳೋದು, ಒಂದೊಂದು ಸರದಿಗೆ ಪಿಕ್ ಅಂತಾರೆ) ಪ್ಲಾನ್ ಮಾಡೋದು ಆ ಕೆಂಪು ಕಾಲಮ್ ನೋಡ್ಕೊಂಡು. ಈ ವರ್ಷ ಯಾರಿಲ್ಲ ಅಂತ ನೋಡ್ಕೊಂಡಲ್ಲ. ಈ ವರ್ಷದ ತೂತನ್ನ ಮಾರ್ಚ್‌ನಲ್ಲೇ ಫ್ರೀ ಏಜೆನ್ಸಿಯಲ್ಲಿ, ಅಂದ್ರೆ ಕಾಂಟ್ರಾಕ್ಟ್ ಮುಗಿದ ಆಟಗಾರರ ಸಂತೆಯಲ್ಲಿ, ಕಮ್ಮಿ ದುಡ್ಡಿಗೆ ಮುಚ್ಚಿಬಿಡ್ಬೇಕು.

ಇದು ನನಗೆ ಹುಟ್ಟಿನಿಂದ ಬಂದ ಬುದ್ಧಿ ಅಲ್ಲ, 2020ರ ಡ್ರಾಫ್ಟ್ ಕಲಿಸಿದ್ದು. ಆ ವರ್ಷ ನಮಗೆ ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯೋನು) ಬೇಕೇ ಬೇಕಿತ್ತು, ಇದ್ದೋರೆಲ್ಲ ಗಾಯ ಮಾಡ್ಕೊಂಡು ಕೂತಿದ್ರು, ಅದಕ್ಕೆ 21ನೇ ಪಿಕ್‌ನಲ್ಲಿ ವೇಗವಾಗಿ ಓಡ್ತಾನೆ ಅಂತ ಜೇಲನ್ ರೇಗರ್‌ನ ತಗೊಂಡ್ರು. ಮುಂದಿನ ಪಿಕ್, ಅಂದ್ರೆ 22ನೇದು, ಮಿನೆಸೋಟ ವೈಕಿಂಗ್ಸ್‌ದು, ಅವರು ತಗೊಂಡಿದ್ದು ಆಮೇಲೆ ಲೀಗ್‌ನ ಟಾಪ್ ರಿಸೀವರ್ ಆದ ಜಸ್ಟಿನ್ ಜೆಫರ್‌ಸನ್‌ನ. ಇದರ ಬಗ್ಗೆ ಇನ್ನೇನೂ ಬರೆಯಲ್ಲ, ಈಗಲೂ ಹೊಟ್ಟೆ ಉರಿಯುತ್ತೆ. ಆದ್ರೆ ಅದೇ ಡ್ರಾಫ್ಟ್‌ನ ಎರಡನೇ ರೌಂಡ್‌ನಲ್ಲಿ, 53ನೇ ಪಿಕ್‌ನಲ್ಲಿ, ಜೇಲನ್ ಹರ್ಟ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ (ಚೆಂಡು ಎಸೆದು ಆಟ ನಡೆಸೋನು) ತಗೊಂಡಾಗ ಎಲ್ರೂ ಬೈದ್ರು, ನಾನೂ ಬೈದೆ, ಯಾಕಂದ್ರೆ ಹಿಂದಿನ ವರ್ಷ ತಾನೇ ಕಾರ್ಸನ್ ವೆಂಟ್ಜ್‌ಗೆ ನಾಲ್ಕು ವರ್ಷಕ್ಕೆ 12.8 ಕೋಟಿ ಡಾಲರ್ ಎಕ್ಸ್‌ಟೆನ್ಶನ್ ಕೊಟ್ಟಿದ್ರು, ಮನೇಲಿ ಕ್ವಾರ್ಟರ್‌ಬ್ಯಾಕ್ ಇಟ್ಕೊಂಡು ಇನ್ನೊಬ್ಬನ್ನ ಯಾಕೆ ತರ್ತೀರಾ ಅಂತ. ಒಂದೇ ವರ್ಷದಲ್ಲಿ ವೆಂಟ್ಜ್ ಕಥೆ ಮುಗೀತು, ಕೋಲ್ಟ್ಸ್‌ಗೆ ಟ್ರೇಡ್ ಆದ. ಹರ್ಟ್ಸ್ ಆಮೇಲೆ ಸೂಪರ್ ಬೌಲ್ ಎಂವಿಪಿ (ಬೆಸ್ಟ್ ಆಟಗಾರ) ಆದ. ಬೇಕೇ ಬೇಕು ಅಂತ ತಗೊಂಡಿದ್ದು ಕೈಕೊಡ್ತು, ಯಾಕೆ ಬೇಕಿತ್ತು ಇದು ಅಂತ ಬೈಸಿಕೊಂಡಿದ್ದು ಕೈ ಹಿಡೀತು.

ಸರಿ, ಈಗ ದುಡ್ಡಿನ ವಿಷಯ. ಇದು ಅರ್ಥ ಆಗ್ದೇ ಇದ್ರೆ ಆಫ್‌ಸೀಸನ್ ಬರೀ ಗಾಸಿಪ್ ಥರ ಕಾಣುತ್ತೆ. ಲೀಗ್‌ನಲ್ಲಿ 32 ಟೀಮು, ಎಲ್ರಿಗೂ ಒಂದೇ ಸ್ಯಾಲರಿ ಕ್ಯಾಪ್, 2024ರಲ್ಲಿ 25.54 ಕೋಟಿ ಡಾಲರ್ ಇತ್ತು, 2025ಕ್ಕೆ 27.92 ಕೋಟಿ ಆಯ್ತು. ಆಫ್‌ಸೀಸನ್‌ನಲ್ಲಿ 90 ಜನರನ್ನ ಇಟ್ಕೋಬಹುದು, ಸೀಸನ್ ಶುರುವಾಗೋ ಹೊತ್ತಿಗೆ 53ಕ್ಕೆ ಇಳಿಸ್ಬೇಕು. 90 ಜನರ ಸಂಬಳ ಎಲ್ಲಿ ಹಿಡಿಸುತ್ತೆ ಅಂದ್ರೆ, ಅಲ್ಲಿವರೆಗೂ ಟಾಪ್ 51 ಸಂಬಳ ಮಾತ್ರ ಲೆಕ್ಕಕ್ಕೆ ಬರೋದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಇಲ್ಲಿ ಅರ್ಧ ನಿಜ, ಯಾಕಂದ್ರೆ ಇಲ್ಲಿ ಮುಂದಿನ ವರ್ಷದ ಹಾಸಿಗೆನೂ ಈಗ್ಲೇ ಎಳ್ಕೊಂಡು ಬಂದು ಹಾಸ್ಕೋಬಹುದು. ಹೇಗೆ ಅಂದ್ರೆ, ಒಬ್ಬನಿಗೆ 5 ಕೋಟಿ ಸೈನಿಂಗ್ ಬೋನಸ್ ಕೊಟ್ರಿ ಅನ್ಕೊಳ್ಳಿ, ದುಡ್ಡು ಅವನ ಕೈಗೆ ಈಗ್ಲೇ ಹೋಗುತ್ತೆ, ಆದ್ರೆ ಕ್ಯಾಪ್ ಲೆಕ್ಕದಲ್ಲಿ ಐದು ವರ್ಷಕ್ಕೆ ಹಂಚಿ ವರ್ಷಕ್ಕೆ ಒಂದೊಂದು ಕೋಟಿ ಬೀಳುತ್ತೆ. ಎರಡು ವರ್ಷ ಆದ್ಮೇಲೆ ಅವನನ್ನ ಕಿತ್ತು ಹಾಕಿದ್ರೆ ಉಳಿದ ಮೂರು ಕೋಟಿ ದಬ್ ಅಂತ ಒಟ್ಟಿಗೆ ತಲೆ ಮೇಲೆ ಬೀಳುತ್ತೆ, ಅದಕ್ಕೆ ಡೆಡ್ ಮನಿ ಅಂತಾರೆ. ಆಟಗಾರ ಇಲ್ಲ, ಸಾಲ ಇದೆ. ಜೂನ್ 1 ಅಂತ ಒಂದು ಗುರುತು ಹಾಕಿ ಕಿತ್ತರೆ ಆ ಪೆಟ್ಟನ್ನ ಎರಡು ವರ್ಷಕ್ಕೆ ಹಂಚ್ಕೋಬಹುದು, ಅದೂ ವರ್ಷಕ್ಕೆ ಇಬ್ಬರಿಗೆ ಮಾತ್ರ. 2024ರಲ್ಲಿ ಡೆನ್ವರ್‌ನವರು ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನ ಬಿಟ್ಟಾಗ ಸುಮಾರು 8.5 ಕೋಟಿ ಡೆಡ್ ಮನಿ ಹೀಗೇ ಎರಡು ವರ್ಷಕ್ಕೆ ಹರಡಿತು. ಆದ್ರೂ ಅದೇ 2024ರಲ್ಲಿ ಡೆನ್ವರ್ ಪ್ಲೇಆಫ್‌ಗೆ (ನಾಕೌಟ್ ಹಂತ) ಹೋಯ್ತು ನೋಡಿ, ಡ್ರಾಫ್ಟ್‌ನಲ್ಲಿ ತಂದ ಬೋ ನಿಕ್ಸ್ ಅನ್ನೋ ಹುಡುಗ ರೂಕಿ (ಹೊಸಬರ) ಸಂಬಳದಲ್ಲಿ ಆಡ್ತಿದ್ದ. 2011ರಲ್ಲಿ ಲೀಗ್‌ಗೂ ಆಟಗಾರರ ಸಂಘಕ್ಕೂ ಒಪ್ಪಂದ ಆದ್ಮೇಲೆ ರೂಕಿ ಸಂಬಳಕ್ಕೆ ಮಿತಿ ಬಂತು, ಡ್ರಾಫ್ಟ್ ಪಿಕ್‌ಗೆ ಇಷ್ಟು ಬೆಲೆ ಬಂದಿದ್ದೇ ಅದರಿಂದ. 2010ರಲ್ಲಿ ಮೊದಲ ಪಿಕ್ ಆದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಕಾಂಟ್ರಾಕ್ಟ್, ಮರುವರ್ಷ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದಲ್ಲಿ ಎಷ್ಟು ಇಳೀತು!

ಹೋಗ್ಲಿ, ಲೆಕ್ಕ ಸಾಕು. ಬಾಯಾರಿದಾಗ ಬಾವಿ ತೋಡೋದು ಅಂತಾರಲ್ಲ, ಅದನ್ನ ಹೇಗೆ ಮಾಡ್ಬಾರದು ಅನ್ನೋದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ನಮ್ಮ ಜೇಸನ್ ಕೆಲ್ಸಿದು. 2022ರಲ್ಲಿ ಕೆಲ್ಸಿ ಇನ್ನೂ ಲೀಗ್‌ನ ಬೆಸ್ಟ್ ಸೆಂಟರ್ (ಮುಂದಿನ ಸಾಲಿನ ನಡುವೆ ನಿಂತು ಚೆಂಡು ಹಿಂದಕ್ಕೆ ಕೊಡೋನು), ಆಗಲೇ ಎರಡನೇ ರೌಂಡ್‌ನ 51ನೇ ಪಿಕ್‌ನಲ್ಲಿ ಕ್ಯಾಮ್ ಜರ್ಗನ್ಸ್ ಅನ್ನೋ ಇನ್ನೊಬ್ಬ ಸೆಂಟರ್‌ನ ತಂದ್ರು. ಮೊದಲ ವರ್ಷ ಬೆಂಚು, ಎರಡನೇ ವರ್ಷ ಪಕ್ಕದಲ್ಲೇ ರೈಟ್ ಗಾರ್ಡ್ ಆಗಿ ಆಡಿಸಿದ್ರು, 2024ರ ಮಾರ್ಚ್‌ನಲ್ಲಿ ಕೆಲ್ಸಿ ರಿಟೈರ್ ಆಗ್ತೀನಿ ಅಂತ ಗಳಗಳ ಅತ್ತಾಗ ನಾನೂ ಅತ್ತೆ, ಆದ್ರೆ ಟೀಮಿಗೆ ಗಾಬರಿ ಆಗ್ಲಿಲ್ಲ. ಜರ್ಗನ್ಸ್ ಸೆಂಟರ್‌ಗೆ ಸರಿದ. ಅವನು ಬಿಟ್ಟ ಗಾರ್ಡ್ ಜಾಗ ಖಾಲಿ ಆಯ್ತಲ್ಲ, ಅದಕ್ಕೆ ಬೇರೆ ಟೀಮಿನಲ್ಲಿ ಟ್ಯಾಕಲ್ (ಅದೇ ಸಾಲಿನ ತುದಿಯೋನು) ಆಗಿ ಸೋತು ಗಾಯ ಮಾಡ್ಕೊಂಡಿದ್ದ ಮೆಕೈ ಬೆಕ್ಟನ್‌ನ ಒಂದು ವರ್ಷದ ಅಗ್ಗದ ಕಾಂಟ್ರಾಕ್ಟ್‌ನಲ್ಲಿ ತಂದು ಕೂರಿಸಿದ್ರು. ಡಿಫೆನ್ಸ್‌ನಲ್ಲಿ ಲೈನ್‌ಬ್ಯಾಕರ್ ಝ್ಯಾಕ್ ಬೌನ್‌ನೂ ಹಾಗೇ, 35 ಲಕ್ಷ ಡಾಲರ್‌ಗೆ ಒಂದು ವರ್ಷ ಅಂತ ಬಂದವನು ಆ ಸೀಸನ್ ಆಲ್ ಪ್ರೋ (ವರ್ಷದ ಬೆಸ್ಟ್ ಆಟಗಾರರ ಪಟ್ಟಿ) ಆಗಿ ಮುಂದಿನ ಮಾರ್ಚ್‌ನಲ್ಲಿ ಮೂರು ವರ್ಷಕ್ಕೆ 5.1 ಕೋಟಿ ತಗೊಂಡ. ರನ್ನಿಂಗ್ ಬ್ಯಾಕ್ (ಚೆಂಡು ಹಿಡ್ಕೊಂಡು ಓಡೋನು) ಸೇಕ್ವಾನ್ ಬಾರ್ಕ್ಲಿ ವಿಷಯ ಎಲ್ರಿಗೂ ಗೊತ್ತು, ಮೂರು ವರ್ಷಕ್ಕೆ 3.775 ಕೋಟಿ, ಮೊದಲ ಸೀಸನ್‌ನಲ್ಲೇ 2005 ಯಾರ್ಡ್ ಓಡಿದ. ರನ್ನಿಂಗ್ ಬ್ಯಾಕ್‌ಗೆ ದುಡ್ಡು ಸುರೀಬಾರದು ಅಂತ ನಾನು ಹತ್ತು ವರ್ಷದಿಂದ ವಾದ ಮಾಡ್ಕೊಂಡು ಬಂದಿದ್ದೆ, ಈಗ ಆ ಸುದ್ದಿ ಎತ್ತೋದೇ ಇಲ್ಲ.

2024ರ ಮಾರ್ಚ್‌ನಲ್ಲಿ ಇಷ್ಟು ಮಾಡ್ಕೊಂಡಿದ್ದರಿಂದ ಏಪ್ರಿಲ್‌ನಲ್ಲಿ ಏನಾಯ್ತು ಅಂದ್ರೆ ಕೈ ಫ್ರೀ ಇತ್ತು. 22ನೇ ಪಿಕ್‌ನಲ್ಲಿ ಎಲ್ಲೂ ಹಾರ್ದೆ ಕುಣೀದೆ ಸುಮ್ನೆ ಕೂತಿದ್ರೂ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ನ ಕಾಯೋನು) ಕ್ವಿನ್ಯಾನ್ ಮಿಚೆಲ್ ತಾನಾಗೇ ಸಿಕ್ಕ, ಎರಡನೇ ರೌಂಡ್‌ನಲ್ಲಿ 50ರಿಂದ 40ಕ್ಕೆ ಏರಿ (ಬೇರೆ ಟೀಮಿಗೆ ಪಿಕ್ ಕೊಟ್ಟು ಅವರ ಮೇಲಿನ ಪಿಕ್ ತಗೊಂಡು) ಕೂಪರ್ ಡಿಜೀನ್‌ನ ತಗೊಂಡ್ರು. ಆ ಡಿಜೀನ್ ಅದೇ ಸೀಸನ್‌ನ ಸೂಪರ್ ಬೌಲ್‌ನಲ್ಲಿ, ಅದೂ ತನ್ನ ಹುಟ್ಟುಹಬ್ಬದ ದಿನ, ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎಸೆದ ಚೆಂಡನ್ನ ಕಸ್ಕೊಂಡು ಹೋಗಿ ಟಚ್‌ಡೌನ್ ಮಾಡಿದ. ಚೀಫ್ಸ್ ವಿರುದ್ಧ 40-22ಕ್ಕೆ ಗೆದ್ವಿ. ಆ ರಾತ್ರಿ ನಾನು ಮಲಗಲೇ ಇಲ್ಲ.

ಏರೋದಕ್ಕೆ ಎಷ್ಟು ಕೊಡ್ಬೇಕು ಅನ್ನೋದಕ್ಕೆ ಡಲ್ಲಾಸ್‌ನ ಕೋಚ್ ಜಿಮ್ಮಿ ಜಾನ್ಸನ್ ಕಾಲದ ಒಂದು ಚಾರ್ಟ್ ಇದೆ, ಮೊದಲ ಪಿಕ್‌ಗೆ 3000 ಪಾಯಿಂಟ್, 10ನೇದಕ್ಕೆ 1300, 32ನೇದಕ್ಕೆ 590. ಈಗ ಟೀಮುಗಳು ತಮ್ಮದೇ ಚಾರ್ಟ್ ಮಾಡ್ಕೊಂಡಿವೆ ಬಿಡಿ, ಆದ್ರೂ ಮಾತುಕತೆಗೆ ಅದೇ ಅಳತೆಗೋಲು. ನನಗೆ ಮೇಲಕ್ಕೆ ಏರೋದು ಅಂದ್ರೆ ಭಯ. ಕ್ಯಾರೊಲೈನಾ 2023ರಲ್ಲಿ ಮೊದಲ ಪಿಕ್‌ಗೆ ಅಂತ ಷಿಕಾಗೋಗೆ 9ನೇ ಪಿಕ್, 61ನೇ ಪಿಕ್, 2024ರ ಮೊದಲ ರೌಂಡು, 2025ರ ಎರಡನೇ ರೌಂಡು, ಸಾಲ್ದು ಅಂತ ಡಿಜೆ ಮೂರ್ ಅನ್ನೋ ಒಳ್ಳೇ ರಿಸೀವರ್‌ನೂ ಕೊಟ್ಬಿಟ್ರು, ಆ ಸೀಸನ್ ಎರಡೇ ಮ್ಯಾಚ್ ಗೆದ್ರು, ಅವರು ಕೊಟ್ಟ 2024ರ ಪಿಕ್ ಆ ವರ್ಷದ ಮೊದಲ ಪಿಕ್ಕೇ ಆಗೋಯ್ತು. ಸ್ಯಾನ್ ಫ್ರಾನ್ಸಿಸ್ಕೊ ಕಥೆ ಇನ್ನೂ ಮಜಾ. ಟ್ರೇ ಲ್ಯಾನ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್‌ಗಾಗಿ ಮೂರು ಫಸ್ಟ್ ರೌಂಡ್ ಪಿಕ್ ಸುರಿದು, ಕೊನೆಗೆ ಅವರ ಮಾನ ಉಳಿಸಿದ್ದು 2022ರ ಕಟ್ಟಕಡೆಯ ಪಿಕ್, 262ನೇದು, ಬ್ರಾಕ್ ಪರ್ಡಿ.

ಇನ್ನೊಂದು ವಿಷಯ ಜನ ಕಡೆಗಣಿಸೋದು, ಬಿಟ್ಟು ಕೊಡೋ ಕಲೆ. ಅದೇ ಸೂಪರ್ ಬೌಲ್‌ನಲ್ಲಿ ನಮ್ಮ ಜಾಶ್ ಸ್ವೆಟ್ ಎರಡೂವರೆ ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನ ಚೆಂಡು ಸಮೇತ ಕೆಡವೋದು), ಮಿಲ್ಟನ್ ವಿಲಿಯಮ್ಸ್ ಎರಡು ಸ್ಯಾಕ್ ಮಾಡಿದ್ರು, ಒಂದೇ ತಿಂಗಳಲ್ಲಿ ಇಬ್ರೂ ಹೊರಟೋದ್ರು, ವಿಲಿಯಮ್ಸ್‌ಗೆ ಪೇಟ್ರಿಯಟ್ಸ್ ನಾಲ್ಕು ವರ್ಷಕ್ಕೆ 10.4 ಕೋಟಿ ಕೊಟ್ರು. ತಡೀಬೇಕಿತ್ತು ಅಂತ ಬಹಳ ಜನ ಗಲಾಟೆ ಮಾಡಿದ್ರು. ಆದ್ರೆ ಜಾರ್ಡನ್ ಡೇವಿಸ್, ಜೇಲನ್ ಕಾರ್ಟರ್, ನೋಲನ್ ಸ್ಮಿತ್ ಮೂವರನ್ನೂ 2022, 2023ರಲ್ಲೇ ಫಸ್ಟ್ ರೌಂಡ್‌ನಲ್ಲಿ ತಂದು ಇಟ್ಟಿದ್ದು ಇದಕ್ಕೇ ತಾನೇ? ಮೇಲಾಗಿ ಕಾಂಟ್ರಾಕ್ಟ್ ಮುಗಿದು ಹೋದವರಿಗೆ ಬದಲಾಗಿ ಮುಂದಿನ ವರ್ಷ ಕಾಂಪನ್ಸೇಟರಿ (ಪರಿಹಾರದ) ಪಿಕ್ ಸಿಗುತ್ತೆ, ಮೂರರಿಂದ ಏಳನೇ ರೌಂಡ್ ಒಳಗೆ. ಆದ್ರೆ ನೀವೂ ಅಷ್ಟೇ ದೊಡ್ಡ ಫ್ರೀ ಏಜೆಂಟ್‌ಗಳನ್ನ ತಂದ್ರೆ ಅದು ಕ್ಯಾನ್ಸಲ್ ಆಗೋಗುತ್ತೆ, ಅದೇ ಬೇರೆ ಟೀಮು ಕಿತ್ತು ಹಾಕಿದವನನ್ನ ತಂದ್ರೆ ಲೆಕ್ಕಕ್ಕೆ ಬರಲ್ಲ. ಈ ಸಣ್ಣ ರೂಲ್ ಗೊತ್ತಿದ್ರೆ ಮಾರ್ಚ್‌ನ ಅರ್ಧ ಸೈನಿಂಗ್‌ಗಳು ಯಾಕೆ ಹಾಗೆ ನಡೆಯುತ್ತೆ ಅಂತ ಗೊತ್ತಾಗುತ್ತೆ. ಅಂದ ಹಾಗೆ 2000ದಲ್ಲಿ ದಂತಕಥೆ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಸಿಕ್ಕ 199ನೇ ಪಿಕ್ ಕೂಡ ಇಂಥ ಪರಿಹಾರದ ಪಿಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಾಕ್ ಡ್ರಾಫ್ಟ್ (ಯಾರು ಯಾರನ್ನ ತಗೋತಾರೆ ಅನ್ನೋ ಊಹೆ) ಸರಿಯಾಗಿದ್ದು ಯಾವತ್ತೂ ಇಲ್ಲ. 2025ಕ್ಕೆ ನನ್ನ ಕೆಂಪು ಕಾಲಮ್‌ನಲ್ಲಿ ಮೊದಲು ಹೊಳೀತಿದ್ದದ್ದು ಲೇನ್ ಜಾನ್ಸನ್, ರೈಟ್ ಟ್ಯಾಕಲ್, 2013ರ 4ನೇ ಪಿಕ್, 1990ರಲ್ಲಿ ಹುಟ್ಟಿದವನು. ಅದಕ್ಕೆ ಎರಡನೇ ರೌಂಡ್‌ಗೆ ಟ್ಯಾಕಲ್ ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಟೀಮಿನವರು ಆ ಜಾಗದಲ್ಲಿ ಸೇಫ್ಟಿ (ಡಿಫೆನ್ಸ್‌ನ ಹಿಂಬದಿ ಕಾಯೋನು) ತಗೊಂಡ್ರು, ಆಂಡ್ರೂ ಮುಕೂಬಾ, ಯಾಕಂದ್ರೆ ಮಾರ್ಚ್‌ನಲ್ಲಿ ಅವರೇ ಒಬ್ಬ ಸೇಫ್ಟಿನ ಹ್ಯೂಸ್ಟನ್‌ಗೆ ಟ್ರೇಡ್ ಮಾಡಿ ಅಲ್ಲೊಂದು ತೂತು ಮಾಡ್ಕೊಂಡಿದ್ರು. ನನ್ನ ಥಿಯರಿಗೆ ಸರಿಯಾಗಿ ಉಲ್ಟಾ! ಟ್ಯಾಕಲ್‌ಗಳು ಬಂದಿದ್ದು ಆರನೇ ರೌಂಡ್‌ನಲ್ಲಿ, ಒಬ್ಬನಲ್ಲ, ಇಬ್ಬರು. ಆರನೇ ರೌಂಡ್ ಹುಡುಗರು ಜಾನ್ಸನ್ ಜಾಗ ತುಂಬಿಸ್ತಾರಾ ಅಂತ ಸಿಟ್ಟಿನಲ್ಲಿ ಶೀಟ್ ಮುಚ್ಚೋಕೆ ಹೋದವನಿಗೆ ಪಕ್ಕದ ಸಾಲು ಕಣ್ಣಿಗೆ ಬಿತ್ತು, ಲೆಫ್ಟ್ ಟ್ಯಾಕಲ್ ಜಾರ್ಡನ್ ಮೈಲಾಟಾ, 2018, ಏಳನೇ ರೌಂಡ್, 233ನೇ ಪಿಕ್, ಅದಕ್ಕೂ ಮುಂಚೆ ಅಮೆರಿಕನ್ ಫುಟ್‌ಬಾಲೇ ಆಡಿರದ ಆಸ್ಟ್ರೇಲಿಯಾದ ರಗ್ಬಿ ಹುಡುಗ. ಸರಿ ಅಂತ ಆ ಇಬ್ಬರ ಹೆಸರನ್ನೂ ಜಾನ್ಸನ್ ಕೆಳಗೆ ಸೇರಿಸಿ ಸೇವ್ ಮಾಡಿ ಇಟ್ಟಿದ್ದೀನಿ.