ಕೊಟ್ಟು ಕಸಿದ ಮತ: ಅಮೆರಿಕದ ಮತದಾನದ ಹಕ್ಕಿನ ಏರಿಳಿತ

ಅಮೆರಿಕದಲ್ಲಿ ಮತದಾನದ ಹಕ್ಕು ಬೆಳೆದು ಬಂದ ಬಗೆಯನ್ನು ಮೆಟ್ಟಿಲು ಹತ್ತಿದ ಕಥೆಯಂತೆ ಹೇಳುವುದು ವಾಡಿಕೆ. ಮೊದಲು ಆಸ್ತಿಯುಳ್ಳ ಬಿಳಿಯ ಗಂಡಸರು, ಆಮೇಲೆ ಆಸ್ತಿಯಿಲ್ಲದ ಬಿಳಿಯ ಗಂಡಸರು, 1870ರಲ್ಲಿ ಕಪ್ಪುವರ್ಣೀಯ ಗಂಡಸರು, 1920ರಲ್ಲಿ ಹೆಂಗಸರು, 1971ರಲ್ಲಿ ಹದಿನೆಂಟು ತುಂಬಿದ ತರುಣರು. ಈ ಇಸವಿಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಹಕ್ಕು ಕೈಸೇರಿದ ದಿನಗಳನ್ನು ಮಾತ್ರ ಎಣಿಸಿ, ಅದು ಕೈತಪ್ಪಿದ ದಿನಗಳನ್ನು ಬಿಟ್ಟುಬಿಡುವ ಈ ಪಟ್ಟಿ ಆ ದೇಶದ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ಸಾಲದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಲ್ಲಿ ಹಕ್ಕನ್ನು ಕಸಿದುಕೊಂಡವರು ಹೆಚ್ಚಿನ ಸಲ ಅದನ್ನು ಕಾನೂನಿನ ಮೂಲಕವೇ, ಸಭೆ ಸೇರಿ, ಬಹುಮತದಿಂದ ಮಾಡಿದರು.

ಆರಂಭ ವರ್ಜೀನಿಯಾದಲ್ಲೇ ಕಾಣುತ್ತದೆ. 1619ರ ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ಇಂಗ್ಲಿಷ್ ಅಮೆರಿಕದ ಮೊದಲ ಚುನಾಯಿತ ಸಭೆ ಸೇರಿತು. ಅದಾಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ, ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗು ಅದೇ ವಸಾಹತಿನ ಪಾಯಿಂಟ್ ಕಂಫರ್ಟ್ ದಡಕ್ಕೆ ಬಂದು, ಅವರನ್ನು ಆಹಾರ ಸಾಮಗ್ರಿಗೆ ವಿನಿಮಯವಾಗಿ ಇಳಿಸಿತು. 1670ರಲ್ಲಿ ವಸಾಹತಿನ ಸಭೆ ಜಮೀನು ಮತ್ತು ಮನೆ ಉಳ್ಳವರಿಗೆ ಮಾತ್ರ ಮತವೆಂದು ನಿಯಮ ಮಾಡಿತು. 1676ರಲ್ಲಿ ಗವರ್ನರನ ವಿರುದ್ಧ ನಥಾನಿಯಲ್ ಬೇಕನ್ ನಡೆಸಿದ ದಂಗೆಯ ಒತ್ತಡದಿಂದ ಎಲ್ಲ ಸ್ವತಂತ್ರ ಗಂಡಸರಿಗೆ ಮತ ಮರಳಿತು. ದಂಗೆ ಅಡಗಿದ ಮೇಲೆ ಆ ಕಾಯಿದೆಯೂ ರದ್ದಾಯಿತು. ಈ ದಂಗೆಯನ್ನು ಬಡವರ ಹೋರಾಟವೆಂದಷ್ಟೇ ಕೊಂಡಾಡುವವರೊಂದಿಗೆ ನನಗೆ ಸಹಮತವಿಲ್ಲ, ಏಕೆಂದರೆ ಅದು ಹುಟ್ಟಿದ್ದೇ ಮೂಲನಿವಾಸಿಗಳ ಮೇಲಿನ ದಾಳಿಗಳಿಂದ. ಆದರೂ ಕರಾರಿನ ಮೇಲೆ ದುಡಿಯುತ್ತಿದ್ದ ಬಿಳಿಯ ಆಳುಗಳೂ ಆಫ್ರಿಕನ್ ಗುಲಾಮರೂ ಒಟ್ಟಾಗಿ ಆಯುಧ ಹಿಡಿದದ್ದು ತೋಟದ ಧಣಿಗಳನ್ನು ನಡುಗಿಸಿತು. 1705ರ ಗುಲಾಮ ಸಂಹಿತೆ ಬಣ್ಣದ ಗೆರೆಯನ್ನು ಗಟ್ಟಿಗೊಳಿಸಿತು. 1723ರ ಕಾಯಿದೆ ಸ್ವತಂತ್ರರಾಗಿದ್ದ ಕಪ್ಪುವರ್ಣೀಯರ ಮತ್ತು ಮೂಲನಿವಾಸಿಗಳ ಮತವನ್ನೂ ಕಿತ್ತುಕೊಂಡಿತು. ಒಬ್ಬ ಸ್ವತಂತ್ರ ಮನುಷ್ಯನನ್ನು ಮೈಬಣ್ಣದ ಕಾರಣಕ್ಕೆ ಇನ್ನೊಬ್ಬನಿಗಿಂತ ಕೀಳಾಗಿ ಏಕೆ ಕಾಣಬೇಕು ಎಂದು ಲಂಡನ್ನಿನ ಕಾನೂನು ಸಲಹೆಗಾರ ರಿಚರ್ಡ್ ವೆಸ್ಟ್ ಆಕ್ಷೇಪಿಸಿದ್ದ. ಗವರ್ನರ್ ವಿಲಿಯಂ ಗೂಚ್ 1736ರಲ್ಲಿ ಕೊಟ್ಟ ಉತ್ತರದಲ್ಲಿ ಮುಚ್ಚುಮರೆ ಇರಲಿಲ್ಲ: ಆ ಜನರ ಮೇಲೆ ಎಂದೂ ಅಳಿಯದ ಕಳಂಕದ ಗುರುತು ಹಾಕುವುದೇ ಉದ್ದೇಶ ಎಂದು ಅವನು ಬರೆದ.

ಸ್ವಾತಂತ್ರ್ಯ ಬಂದಾಗ ನ್ಯೂಜೆರ್ಸಿಯಲ್ಲಿ ಬೇರೊಂದು ಸಾಧ್ಯತೆ ಕೆಲಕಾಲ ಬದುಕಿತ್ತು. 1776ರ ಆ ರಾಜ್ಯದ ಸಂವಿಧಾನ 50 ಪೌಂಡ್ ಬೆಲೆಯ ಸ್ವತ್ತು ಉಳ್ಳ ಎಲ್ಲ ನಿವಾಸಿಗಳಿಗೂ ಮತ ಕೊಟ್ಟಿತು, ಗಂಡಸರೆಂದಾಗಲಿ ಬಿಳಿಯರೆಂದಾಗಲಿ ಅದರಲ್ಲಿ ಹೇಳಿರಲಿಲ್ಲ. ಮದುವೆಯಾದ ಹೆಂಗಸಿನ ಸ್ವತ್ತು ಗಂಡನದ್ದೆಂದು ಅಂದಿನ ಕಾನೂನು ಎಣಿಸುತ್ತಿದ್ದುದರಿಂದ ವಿಧವೆಯರೂ ಅವಿವಾಹಿತೆಯರೂ ಮಾತ್ರ ಇದರ ಪ್ರಯೋಜನ ಪಡೆದರು. ಸ್ವತಂತ್ರ ಕಪ್ಪುವರ್ಣೀಯರಲ್ಲಿ ಕೆಲವರೂ ಮತ ಹಾಕಿದರು. ಮೂವತ್ತು ವರ್ಷ ಹೀಗೆ ನಡೆದದ್ದನ್ನು 1807ರಲ್ಲಿ ಶಾಸನಸಭೆ ನಿಲ್ಲಿಸಿ, ತೆರಿಗೆ ಕಟ್ಟುವ ಬಿಳಿಯ ಗಂಡಸರಿಗೆ ಮಾತ್ರ ಮತವೆಂದು ತೀರ್ಮಾನಿಸಿತು. 1787ರ ಒಕ್ಕೂಟದ ಸಂವಿಧಾನ ಯಾರಿಗೆ ಮತವಿರಬೇಕೆಂಬುದನ್ನು ರಾಜ್ಯಗಳಿಗೇ ಬಿಟ್ಟಿದ್ದರಿಂದ ಇದನ್ನು ಮೇಲಿನಿಂದ ತಡೆಯುವ ಶಕ್ತಿ ಯಾವುದೂ ಇರಲಿಲ್ಲ. ಅದೇ ಸಂವಿಧಾನ ಪ್ರತಿನಿಧಿಗಳ ಸಂಖ್ಯೆಯನ್ನು ಹಂಚುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಲೆಕ್ಕಕ್ಕೆ ಹಿಡಿದು, ಮತವಿಲ್ಲದವರ ಹೆಸರಿನಲ್ಲಿ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನಗಳನ್ನು ಕೊಟ್ಟಿತು. ಮುಂದೆ ಬಡ ಬಿಳಿಯರಿಗೆ ಬಾಗಿಲು ತೆರೆದ ಕಾಲದಲ್ಲೇ ಕಪ್ಪುವರ್ಣೀಯರಿಗೆ ಅದು ಮುಚ್ಚಿತು: 1821ರಲ್ಲಿ ನ್ಯೂಯಾರ್ಕ್ ಬಿಳಿಯರಿಗಿದ್ದ ಆಸ್ತಿಯ ಷರತ್ತನ್ನು ತೆಗೆದು, ಕಪ್ಪುವರ್ಣೀಯರಿಗೆ ಮಾತ್ರ 250 ಡಾಲರ್ ಬೆಲೆಯ ಸ್ಥಿರಾಸ್ತಿಯನ್ನು ಕಡ್ಡಾಯ ಮಾಡಿತು, 1838ರಲ್ಲಿ ಪೆನ್ಸಿಲ್ವೇನಿಯಾ ಮತದಾರ ಬಿಳಿಯನೇ ಆಗಿರಬೇಕೆಂದು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು.

ಈ ಇತಿಹಾಸದಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ ನಡೆದ ಅಂತರ್ಯುದ್ಧದ (1861–65) ನಂತರದ ಪುನರ್ನಿರ್ಮಾಣದ ಕಾಲ. ಅದನ್ನು ಒಬ್ಬ ಮನುಷ್ಯನ ಬಾಳಿನ ಮೂಲಕ ನೋಡಬಹುದು. ರಾಬರ್ಟ್ ಸ್ಮಾಲ್ಸ್ ದಕ್ಷಿಣ ಕೆರೊಲಿನಾದ ಬ್ಯೂಫೋರ್ಟ್‌ನಲ್ಲಿ ಗುಲಾಮನಾಗಿ ಹುಟ್ಟಿದವರು. 1862ರ ಮೇ ತಿಂಗಳ ಒಂದು ರಾತ್ರಿ, ಬಿಳಿಯ ಅಧಿಕಾರಿಗಳು ದಡಕ್ಕೆ ಹೋಗಿದ್ದಾಗ, ಅವರು 'ಪ್ಲಾಂಟರ್' ಎಂಬ ದಕ್ಷಿಣದವರ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ತಾವೇ ನಡೆಸಿಕೊಂಡು, ಹೆಂಡತಿ ಮಕ್ಕಳನ್ನೂ ಜೊತೆಗಾರರನ್ನೂ ಕರೆದುಕೊಂಡು ಕೋಟೆಗಳ ಕಣ್ಣೆದುರೇ ಹಾದುಹೋಗಿ ಉತ್ತರದ ನೌಕಾಪಡೆಗೆ ಒಪ್ಪಿಸಿದರು. 1868ರಲ್ಲಿ ಅದೇ ಚಾರ್ಲ್ಸ್‌ಟನ್ನಿನಲ್ಲಿ ರಾಜ್ಯದ ಹೊಸ ಸಂವಿಧಾನ ರಚಿಸಲು ಸೇರಿದ ಸಭೆಯಲ್ಲಿ ಕಪ್ಪುವರ್ಣೀಯರೇ ಬಹುಸಂಖ್ಯಾತರಾಗಿದ್ದರು. ಸ್ಮಾಲ್ಸ್ ಅದರ ಸದಸ್ಯರಾಗಿದ್ದರು. ಬಣ್ಣದ ಭೇದವಿಲ್ಲದ ಮತವನ್ನೂ ಎಲ್ಲ ಮಕ್ಕಳಿಗೆ ಸಾರ್ವಜನಿಕ ಶಾಲೆಗಳ ವ್ಯವಸ್ಥೆಯನ್ನೂ ಆ ಸಂವಿಧಾನ ತಂದಿತು. ಎರಡು ವರ್ಷಗಳ ನಂತರ 15ನೇ ತಿದ್ದುಪಡಿ ಜನಾಂಗದ ಕಾರಣಕ್ಕೆ ಮತ ನಿರಾಕರಿಸುವುದನ್ನು ದೇಶದಾದ್ಯಂತ ನಿಷೇಧಿಸಿತು. ಮಿಸಿಸಿಪ್ಪಿಯಿಂದ ಕಪ್ಪುವರ್ಣೀಯರಾದ ಹೈರಮ್ ರೆವೆಲ್ಸ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ಟಿಗೆ ಹೋದರು, ಸ್ಮಾಲ್ಸ್ ಅದರ ಕೆಳಮನೆಗೆ ಮತ್ತೆಮತ್ತೆ ಆರಿಸಿಬಂದರು.

ಮತ್ತೆ 1895. ಅದೇ ರಾಜ್ಯದಲ್ಲಿ ಇನ್ನೊಂದು ಸಂವಿಧಾನ ಸಭೆ ಸೇರಿತು, ಈ ಬಾರಿ ಕಪ್ಪುವರ್ಣೀಯರ ಮತವನ್ನು ಅಳಿಸುವುದಕ್ಕೆಂದೇ. ಅಲ್ಲಿದ್ದ ಆರೇ ಮಂದಿ ಕಪ್ಪುವರ್ಣೀಯ ಸದಸ್ಯರಲ್ಲಿ ಸ್ಮಾಲ್ಸ್ ಒಬ್ಬರು. ತಾವು ಇಪ್ಪತ್ತೇಳು ವರ್ಷಗಳ ಹಿಂದೆ ರೂಪಿಸಿದ್ದನ್ನು ತಮ್ಮೆದುರೇ ಕೆಡವುವುದನ್ನು ಅವರು ವಾದಿಸಿ ವಿರೋಧಿಸಿದರು, ಕೊನೆಗೆ ಸಹಿ ಹಾಕಲು ಒಪ್ಪಲಿಲ್ಲ. ಸಂವಿಧಾನ ಜಾರಿಗೆ ಬಂತು.

ಈ ಕಸಿಯುವ ಕೆಲಸದ ವಿಧಾನವನ್ನು ಗಮನವಿಟ್ಟು ನೋಡಬೇಕು. ಮೊದಲ ಹಂತ ಹಿಂಸೆ: 1873ರಲ್ಲಿ ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಬಿಳಿಯರ ಗುಂಪು ನಡೆಸಿದ ಕಪ್ಪುವರ್ಣೀಯರ ಹತ್ಯಾಕಾಂಡದ ಆರೋಪಿಗಳ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1876ರಲ್ಲಿ ತಳ್ಳಿಹಾಕಿತು, 1877ರಲ್ಲಿ ಫೆಡರಲ್ ಸೈನ್ಯ ದಕ್ಷಿಣದ ಕಾವಲಿನಿಂದ ಹಿಂದೆ ಸರಿಯಿತು. ಎರಡನೆಯ ಹಂತ ಕಾಗದದ್ದು. 15ನೇ ತಿದ್ದುಪಡಿಯನ್ನು ಮುಟ್ಟದೆ ಅದನ್ನು ನಿರರ್ಥಕಗೊಳಿಸುವ ದಾರಿಯನ್ನು 1890ರಲ್ಲಿ ಮಿಸಿಸಿಪ್ಪಿ ತೋರಿಸಿತು. ಅದರ ಸಂವಿಧಾನದ ಮತದಾನದ ಕಲಮುಗಳಲ್ಲಿ ಕಪ್ಪುವರ್ಣೀಯರ ಪ್ರಸ್ತಾಪವೇ ಇರಲಿಲ್ಲ. ಮತ ಹಾಕಲು ಎರಡು ಡಾಲರಿನ ತಲೆಗಂದಾಯವಿತ್ತು, ಎರಡು ವರ್ಷದ ವಾಸದ ಷರತ್ತಿತ್ತು, ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು ಅಥವಾ ಓದಿಸಿ ಕೇಳಿ ಅರ್ಥ ಹೇಳಬೇಕು ಎಂಬ ನಿಯಮವಿತ್ತು. ಉತ್ತರ ಸರಿಯೋ ತಪ್ಪೋ ಎಂದು ನಿರ್ಧರಿಸುತ್ತಿದ್ದವನು ಬಿಳಿಯ ನೋಂದಣಿ ಅಧಿಕಾರಿ. 1898ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಲೂಸಿಯಾನಾ, 1867ರ ಜನವರಿ 1ಕ್ಕೆ ಮತವಿದ್ದವರ ಮಕ್ಕಳು ಮೊಮ್ಮಕ್ಕಳಿಗೆ ಓದುಬರಹದ ಮತ್ತು ಆಸ್ತಿಯ ಷರತ್ತಿನಿಂದ ವಿನಾಯಿತಿ ಕೊಟ್ಟಿತು. ಆ ದಿನಾಂಕಕ್ಕೆ ಅಲ್ಲಿನ ಕಪ್ಪುವರ್ಣೀಯರಿಗೆ ಮತವೇ ಇರಲಿಲ್ಲ. 1896ರಲ್ಲಿ 1,30,000ಕ್ಕೂ ಹೆಚ್ಚಿದ್ದ ಆ ರಾಜ್ಯದ ಕಪ್ಪುವರ್ಣೀಯ ಮತದಾರರು 1904ರ ಹೊತ್ತಿಗೆ ಸುಮಾರು 1,300ಕ್ಕೆ ಇಳಿದರು.

ಅಲಬಾಮಾದ ಕಪ್ಪುವರ್ಣೀಯರಾದ ಜಾಕ್ಸನ್ ಗೈಲ್ಸ್ ತಮ್ಮ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1903ರಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪು, ಬಿಳಿಯರ ಬಹುಸಮುದಾಯವೇ ಮತ ತಡೆಯಲು ನಿಂತಿರುವಾಗ ಕಾಗದದ ಮೇಲೆ ಒಂದು ಹೆಸರು ಬರೆದರೆ ಏನೂ ಆಗದು, ಪರಿಹಾರವನ್ನು ರಾಜಕೀಯದ ಮೂಲಕವೇ ಕೇಳಬೇಕು ಎಂದಿತು. ಮತವಿಲ್ಲವೆಂದು ಬಂದವನನ್ನು ಮತದಿಂದ ಪರಿಹಾರ ಪಡೆದುಕೋ ಎಂದು ಹಿಂದಕ್ಕೆ ಕಳಿಸಿದ ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆಂಗಸರ ಹಕ್ಕಿಗೂ ಇಂಥ ಹಿಂಜರಿತವಿತ್ತು: ಯೂಟಾ ಪ್ರಾಂತ್ಯದ ಹೆಂಗಸರಿಗೆ 1870ರಲ್ಲಿ ಸಿಕ್ಕ ಮತವನ್ನು 1887ರಲ್ಲಿ ಕಾಂಗ್ರೆಸ್ಸೇ ಕಾಯಿದೆ ಮಾಡಿ ತೆಗೆಯಿತು. 1920ರ 19ನೇ ತಿದ್ದುಪಡಿ ಬಂದಾಗಲೂ ದಕ್ಷಿಣದ ಕಪ್ಪುವರ್ಣೀಯ ಹೆಂಗಸರನ್ನು ತಲೆಗಂದಾಯ ಮತ್ತು ಪರೀಕ್ಷೆಗಳು ಹೊರಗೇ ನಿಲ್ಲಿಸಿದವು. ಪೌರತ್ವದ ದಾರಿಯಿಂದಲೂ ಮತವನ್ನು ತಡೆಯಲಾಗುತ್ತಿತ್ತು: ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಆಗ ಪೌರತ್ವ ಸಿಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆಗಲೇ ಪೌರರಾಗಿದ್ದ ಇತರ ಭಾರತೀಯರ ಪೌರತ್ವವನ್ನೂ ಸರ್ಕಾರ ರದ್ದುಪಡಿಸತೊಡಗಿತು. ಆ ತಡೆ 1946ರಲ್ಲಿ ತೆರವಾಯಿತು. ಹತ್ತೇ ವರ್ಷಗಳಲ್ಲಿ ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಮೂಲನಿವಾಸಿಗಳು 1924ರಲ್ಲಿ ಪೌರರಾದರೂ ನ್ಯೂ ಮೆಕ್ಸಿಕೋ ಮತ್ತು ಅರಿಜೋನಾಗಳಲ್ಲಿ ಮತಕ್ಕಾಗಿ 1948ರವರೆಗೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಮಿಸಿಸಿಪ್ಪಿಯ 1890ರ ನಿಯಮಗಳು ಎಪ್ಪತ್ತು ವರ್ಷಗಳ ಮೇಲೂ ಎಷ್ಟು ಗಟ್ಟಿಯಾಗಿದ್ದವೆಂಬುದಕ್ಕೆ ಕಪ್ಪುವರ್ಣೀಯ ಹೆಂಗಸು ಫ್ಯಾನಿ ಲೂ ಹೇಮರ್ ಸಾಕ್ಷಿ. ಹತ್ತಿಯ ತೋಟದಲ್ಲಿ ದುಡಿಯುತ್ತಿದ್ದ ಅವರು 1962ರ ಆಗಸ್ಟ್ 31ರಂದು ಊರಿನ ಇತರರೊಂದಿಗೆ ಬಸ್ಸಿನಲ್ಲಿ ಇಂಡಿಯಾನೋಲಾಗೆ ಹೋಗಿ ಹೆಸರು ನೋಂದಾಯಿಸಲು ಪ್ರಯತ್ನಿಸಿದರು. ರಾಜ್ಯ ಸಂವಿಧಾನದ ಒಂದು ಜಟಿಲವಾದ ಕಲಮಿಗೆ ಅರ್ಥ ಬರೆಯಬೇಕಿತ್ತು. ಅವರು ಅನುತ್ತೀರ್ಣರೆಂದು ಹೇಳಲಾಯಿತು. ಹಿಂದಿರುಗುವಾಗ ಬಸ್ಸಿನ ಬಣ್ಣ ಶಾಲಾ ಬಸ್ಸಿನಂತಿದೆ ಎಂಬ ನೆಪ ಹೇಳಿ ಪೊಲೀಸರು ಚಾಲಕನಿಗೆ ದಂಡ ಹಾಕಿದರು. ಅರ್ಜಿ ಹಿಂತೆಗೆದುಕೊಳ್ಳದಿದ್ದರೆ ತೋಟ ಬಿಟ್ಟು ಹೋಗಬೇಕೆಂದು ಧಣಿ ಹೇಳಿದ. ಅವರು ಆ ರಾತ್ರಿಯೇ ಮನೆ ಬಿಟ್ಟರು. ಮರುವರ್ಷ ವಿನೋನಾ ಪಟ್ಟಣದ ಸೆರೆಮನೆಯಲ್ಲಿ ಅವರನ್ನು ಭೀಕರವಾಗಿ ಹೊಡೆಯಲಾಯಿತು. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಅವರು ಇದೆಲ್ಲವನ್ನೂ ಹೇಳುತ್ತಿದ್ದಾಗ, ದೂರದರ್ಶನದ ಗಮನ ಬೇರೆಡೆ ಹೋಗಲೆಂದು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಆದರೂ ಸಂಜೆಯ ವಾರ್ತೆಯಲ್ಲಿ ಹೇಮರ್ ಅವರ ಸಾಕ್ಷ್ಯ ದೇಶಕ್ಕೆಲ್ಲ ಕೇಳಿಸಿತು.

ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಹೊಡೆದು, ಸೇತುವೆಯ ಮೇಲೆ ರಕ್ತ ಹರಿದ ನಂತರ, 1965ರ ಆಗಸ್ಟ್ 6ರಂದು ಅದೇ ಜಾನ್ಸನ್ ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಆ ಕಾಯಿದೆಯ ಬಲವಿದ್ದದ್ದು ಅದರ ಐದನೇ ಕಲಮಿನಲ್ಲಿ: ಭೇದಭಾವದ ದಾಖಲೆಯಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಫೆಡರಲ್ ಸರ್ಕಾರದ ಅಥವಾ ನ್ಯಾಯಾಲಯದ ಒಪ್ಪಿಗೆ ಪಡೆಯಲೇಬೇಕಿತ್ತು. ತೊಂದರೆಯಾದ ಮೇಲೆ ಒಬ್ಬೊಬ್ಬ ಗೈಲ್ಸ್ ನ್ಯಾಯಾಲಯಕ್ಕೆ ಅಲೆಯುವ ಬದಲು, ನಿಯಮ ನ್ಯಾಯವಾದದ್ದೆಂದು ರಾಜ್ಯವೇ ಮೊದಲು ತೋರಿಸಬೇಕಾಯಿತು. ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕಪ್ಪುವರ್ಣೀಯರ ಪ್ರಮಾಣ ಶೇ. 7ಕ್ಕಿಂತ ಕಡಿಮೆಯಿದ್ದದ್ದು 1967ರ ಹೊತ್ತಿಗೆ ಶೇ. 60ರ ಸಮೀಪಕ್ಕೆ ಬಂತು. ಉತ್ತರ ಕೆರೊಲಿನಾದ ಕಪ್ಪುವರ್ಣೀಯ ಪ್ರತಿನಿಧಿ ಜಾರ್ಜ್ ವೈಟ್ 1901ರಲ್ಲಿ ಕಾಂಗ್ರೆಸ್ಸನ್ನು ಬಿಡುವಾಗ ತಮ್ಮ ಜನ ಮತ್ತೊಮ್ಮೆ ಎದ್ದು ಬರುವರೆಂದು ಸಭೆಗೆ ಹೇಳಿ ಹೋಗಿದ್ದರು. ಆ ರಾಜ್ಯದಿಂದ ಮುಂದಿನ ಕಪ್ಪುವರ್ಣೀಯ ಪ್ರತಿನಿಧಿಗಳು ಆಯ್ಕೆಯಾದದ್ದು 1992ರಲ್ಲಿ.

2013ರ ಜೂನ್ 25ರಂದು ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ, ಯಾವ ರಾಜ್ಯಗಳು ಮುಂಚಿತ ಒಪ್ಪಿಗೆ ಪಡೆಯಬೇಕೆಂಬ ಸೂತ್ರ ಹಳೆಯದಾಯಿತೆಂದು ಅದನ್ನು ರದ್ದುಮಾಡಿತು. ಸೂತ್ರವಿಲ್ಲದೆ ಐದನೇ ಕಲಮು ನಿಷ್ಕ್ರಿಯವಾಯಿತು. ಎರಡು ತಿಂಗಳು ಕಳೆಯುವ ಮೊದಲೇ ಉತ್ತರ ಕೆರೊಲಿನಾ ಮುಂಗಡ ಮತದಾನದ ದಿನಗಳನ್ನು ಕಡಿಮೆ ಮಾಡಿ, ಮುಂಗಡ ಮತದಾನದ ವೇಳೆ ಅಲ್ಲೇ ಹೆಸರು ನೋಂದಾಯಿಸಿ ಮತ ಹಾಕುವ ಸೌಲಭ್ಯ ತೆಗೆದು, ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸುವ ಕಾಯಿದೆ ಮಾಡಿತು. ಯಾವ ಸೌಲಭ್ಯವನ್ನು ಯಾವ ಜನಾಂಗದವರು ಎಷ್ಟು ಬಳಸುತ್ತಾರೆಂಬ ಅಂಕಿಅಂಶವನ್ನು ಶಾಸಕರು ಮೊದಲೇ ತರಿಸಿಕೊಂಡಿದ್ದರು. 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಈ ಕಾಯಿದೆ ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯ ನಿಖರತೆಯಿಂದ ಆಫ್ರಿಕನ್ ಅಮೆರಿಕನ್ನರನ್ನು ಗುರಿಮಾಡಿದೆ ಎಂದು ಹೇಳಿ ಅದನ್ನು ತಳ್ಳಿಹಾಕಿತು. 2018ರಲ್ಲಿ ಗುರುತಿನ ಚೀಟಿಯ ನಿಯಮ ಜನಮತದ ಮೂಲಕ ಆ ರಾಜ್ಯದ ಸಂವಿಧಾನವನ್ನೇ ಸೇರಿತು. ಮತ್ತಷ್ಟು ವ್ಯಾಜ್ಯಗಳ ನಂತರ 2023ರ ಚುನಾವಣೆಗಳಿಂದ ಅದು ಜಾರಿಯಲ್ಲಿದೆ.